ದೀಪಾವಳಿ ಕಾರ್ಡಿಗೊಂದು ಮುದ್ದು ನಾಯಿಮರಿ: ಪೆನ್ಸಿಲ್ ಗೆರೆಯಿಂದ ಬಣ್ಣದವರೆಗೆ

ಹಬ್ಬದ ಕಾರ್ಟೂನ್ ನಾಯಿ ಎಂದರೆ ಹೆಚ್ಚಾಗಿ ಕಣ್ಣಿಗೆ ಬೀಳುವುದು ಸಾಂಟಾ ಟೋಪಿ ಹಾಕಿಕೊಂಡು ಹಿಮದ ಮೇಲೆ ಕೂತ ಮರಿ. ಅದೂ ಚೆಂದವೇ. ಆದರೆ ದೀಪಾವಳಿ ಕಾರ್ಡಿಗೆ ನಾಯಿ ಬೇಕೆಂದರೆ ನಾವೇ ಬಿಡಿಸಿಕೊಳ್ಳಬೇಕು. ನಾಯಿಗೂ ದೀಪಾವಳಿಗೂ ಎತ್ತಣಿಂದೆತ್ತ ಸಂಬಂಧ ಎನ್ನುವವರಿಗೆ ನೇಪಾಳದತ್ತ ಕೈತೋರಿಸುತ್ತೇನೆ. ಅಲ್ಲಿನ ಐದು ದಿನದ ದೀಪದ ಹಬ್ಬ ತಿಹಾರ್. ಅದರ ಎರಡನೆಯ ದಿನ ಪೂರ್ತಿ ನಾಯಿಗಳದ್ದು, ಹೆಸರೇ ಕುಕುರ್ ತಿಹಾರ್. ಮನೆನಾಯಿಗೂ ಬೀದಿನಾಯಿಗೂ ಕೊರಳಿಗೆ ಚೆಂಡುಹೂವಿನ ಹಾರ, ಹಣೆಗೆ ಕೆಂಪು ತಿಲಕ, ಹೊಟ್ಟೆ ತುಂಬ ಊಟ. ಬಲಿಪಾಡ್ಯಮಿಗೆ ನಮ್ಮಲ್ಲಿ ಹಸುವಿಗೆ ಸಲ್ಲುವ ಸಿಂಗಾರ ಅಲ್ಲಿ ನಾಯಿಗೂ ಸಲ್ಲುತ್ತದೆ. ಇಂದಿನ ಚಿತ್ರಕ್ಕೆ ಆ ಹಾರವನ್ನೂ ತಿಲಕವನ್ನೂ ಅಲ್ಲಿಂದ ತರೋಣ. ಹಣತೆ, ಆಕಾಶಬುಟ್ಟಿ ನಮ್ಮ ಮನೆಯವೇ ಇರಲಿ.

ಶುರು ಮಾಡುವ ಮುಂಚೆ ಒಂದು ಮಾತು. ಇಂಥ ಚಿತ್ರಗಳು ಕೆಡುವುದು ನಾಯಿ ಬರೆಯಲು ಬಾರದೆ ಅಲ್ಲ, ಹಬ್ಬವನ್ನು ಮೇಲೆ ಅಂಟಿಸುವುದರಿಂದ. ಹಾರ ಕೊರಳನ್ನು ಸುತ್ತಿರುವುದಿಲ್ಲ, ಸ್ಟಿಕರ್ ಹಾಗೆ ಎದೆಯ ಮೇಲೆ ಕೂತಿರುತ್ತದೆ. ದೀಪ ಉರಿಯುತ್ತಿರುತ್ತದೆ, ಅದರ ಬೆಳಕು ನಾಯಿಯ ಮೇಲೆ ಬಿದ್ದೇ ಇರುವುದಿಲ್ಲ. ಆದ್ದರಿಂದ ಮೊದಲು ನಾಯಿಯ ದುಂಡುತನವನ್ನು ಸರಿಯಾಗಿ ಕಟ್ಟಿ, ಆಮೇಲೆ ಆ ದುಂಡಿನ ಸುತ್ತ ಹಬ್ಬವನ್ನು ಸುತ್ತೋಣ.

ಯಾವ ನಾಯಿ?

ನಾನು ಆರಿಸಿಕೊಂಡಿರುವುದು ನಮ್ಮ ಬೀದಿಯಲ್ಲಿ ಕಾಣುವ ಕಂದು ನಾಯಿಯ ಮರಿ. ಕೆಂಚ ಎಂದು ಕರೆಯೋಣ. ಇದರ ಗುರುತುಗಳು ಸುಲಭ: ತ್ರಿಕೋನದ ಕಿವಿ, ಬೆನ್ನ ಕಡೆಗೆ ಸುರುಳಿಯಾಗುವ ಬಾಲ, ಎದೆಯ ಮೇಲೆ ಬಿಳಿ ಪಟ್ಟೆ, ಕಾಲಿಗೆ ಬಿಳಿ ಕಾಲುಚೀಲ. ಮುಧೋಳ ನಾಯಿ ಯಾಕಲ್ಲ ಎಂದು ಕೇಳಬಹುದು. 2005ರಲ್ಲಿ ಅಂಚೆ ಇಲಾಖೆ ಅದರ ಚೀಟಿಯನ್ನೇ ತಂದಿತ್ತು, ಅಷ್ಟು ಗೌರವದ ತಳಿ ಅದು. ಆದರೆ ಅದರ ಮೂತಿ ಉದ್ದ, ಕಾಲು ಉದ್ದ, ಸೊಂಟ ಸಣ್ಣ. ಓಟಕ್ಕೆ ಹೇಳಿ ಮಾಡಿಸಿದ ಆ ಮೈಯಲ್ಲಿ ದುಂಡು ಹುಡುಕುವುದು ಕಷ್ಟ. ಮುದ್ದು ಬೇಕಾದಾಗ ದುಂಡು ಬೇಕು. ಕೈ ಪಳಗಿದ ಮೇಲೆ ಅದನ್ನು ನೋಡಿಕೊಳ್ಳೋಣ.

ಬೇಕಾಗುವ ಸಾಮಾನು

ಎಚ್‌ಬಿ ಪೆನ್ಸಿಲ್ ಒಂದು, ಮೆತ್ತನೆಯ ರಬ್ಬರ್, ಅಡಿಪಟ್ಟಿ, ಎ4 ಅಳತೆಯ ಹಾಳೆ. ಜೆರಾಕ್ಸ್ ಹಾಳೆ ಅಭ್ಯಾಸಕ್ಕೆ ಸಾಕು. ನೀರಿನ ಬಣ್ಣ ಹಚ್ಚುವುದಾದರೆ ಅದು ನೆನೆದು ಸುಕ್ಕಾಗುತ್ತದೆ, 200 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಹಾಳೆಯ ಅಳತೆ) ಅಥವಾ ಅದಕ್ಕಿಂತ ದಪ್ಪದ ಡ್ರಾಯಿಂಗ್ ಶೀಟ್ ತನ್ನಿ. ಶಾಯಿಗೆರೆಗೆ ನೀರಿನಲ್ಲಿ ಕದಡದ ಪಿಗ್ಮೆಂಟ್ ಶಾಯಿಯ ಪೆನ್ ಎರಡು, ಒಂದು ಸಣ್ಣ ತುದಿ, ಒಂದು ದಪ್ಪ. ಮಾಮೂಲಿ ಜೆಲ್ ಪೆನ್ ಒಣಗಿದ ಹಾಗೆ ಕಂಡರೂ ಕುಂಚ ತಾಗಿದೊಡನೆ ಹರಡಬಹುದು. ಹೊಸ ಪೆನ್ ಯಾವುದೇ ಇರಲಿ, ಬೇರೆ ಚೂರು ಕಾಗದದಲ್ಲಿ ಗೆರೆ ಎಳೆದು, ಒಣಗಿದ ಮೇಲೆ ಒದ್ದೆ ಬೆರಳಿನಿಂದ ಉಜ್ಜಿ ನೋಡಿ. ಬಿಳಿ ಜೆಲ್ ಪೆನ್ ಒಂದು ಸಿಕ್ಕರೆ ಕೊನೆಯಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ.

ಹಾಳೆಯ ಮೇಲೆ ಜಾಗ ಹಂಚುವುದು

ಹಾಳೆಯನ್ನು ಉದ್ದುದ್ದ ಇಟ್ಟುಕೊಳ್ಳಿ. ಎ4 ಎಂದರೆ 21 ಸೆಂ.ಮೀ. ಅಗಲ, 29.7 ಸೆಂ.ಮೀ. ಎತ್ತರ. ಕೆಳಗಿನ ಅಂಚಿನಿಂದ 4 ಸೆಂ.ಮೀ. ಮೇಲೆ ಅಡ್ಡಗೆರೆ ಎಳೆಯಿರಿ, ಅದು ನೆಲ. ಕೆಂಚ ನಡುಮಧ್ಯೆ ಬೇಡ. ಎಡ ಅಂಚಿನಿಂದ 9 ಸೆಂ.ಮೀ. ದೂರದಲ್ಲಿ ತೆಳುವಾಗಿ ನೇರ ಗೆರೆಯೊಂದನ್ನು ಎಳೆಯಿರಿ, ಅದು ಅವನ ನಡುಗೆರೆ. ಹೀಗೆ ಮಾಡಿದರೆ ಬಲಗಡೆ ಕೆಳಗೆ ಹಣತೆಗೂ ಮೇಲೆ ಆಕಾಶಬುಟ್ಟಿಗೂ ತಾನಾಗಿ ಜಾಗ ಸಿಗುತ್ತದೆ.

ಪೆನ್ಸಿಲ್ಲನ್ನು ತುದಿಯ ಹತ್ತಿರ ಅಲ್ಲ, ಸ್ವಲ್ಪ ಹಿಂದೆ ಹಿಡಿಯಿರಿ. ಈ ಹಂತದ ಗೆರೆಗಳು ನಿಮಗೆ ಮಾತ್ರ ಕಾಣುವಷ್ಟು ತೆಳುವಾಗಿದ್ದರೆ ಸಾಕು. ಒತ್ತಿ ಬರೆದ ಗೆರೆಯನ್ನು ರಬ್ಬರ್ ಅಳಿಸುತ್ತದೆ, ಹಾಳೆಗೆ ಬಿದ್ದ ಗೀರು ಮಾತ್ರ ಉಳಿಯುತ್ತದೆ. ಬಣ್ಣ ಹಚ್ಚಿದಾಗ ಅಲ್ಲಿಯೇ ಎದ್ದು ಕಾಣುತ್ತದೆ.

ತಲೆ ಮತ್ತು ಮೈ

ನೆಲದಿಂದ 7 ಸೆಂ.ಮೀ. ಎತ್ತರದಲ್ಲಿ ಗುರುತು ಹಾಕಿ, ಅಲ್ಲಿಂದ ಮೇಲಕ್ಕೆ 8 ಸೆಂ.ಮೀ. ಎತ್ತರ, 10 ಸೆಂ.ಮೀ. ಅಗಲದ ಮೊಟ್ಟೆಯಾಕಾರ ಬರೆಯಿರಿ. ಅಗಲವೇ ಹೆಚ್ಚಿರಬೇಕು. ಇದು ತಲೆ. ಅದರ ಕೆಳಗೆ, ತಲೆಯೊಳಗೆ ಒಂದು ಸೆಂ.ಮೀ. ನುಗ್ಗಿದಂತೆ, ನೆಲ ಮುಟ್ಟುವ ಸೀಬೆಹಣ್ಣಿನ ಆಕಾರ ಬರೆಯಿರಿ. ಮೇಲೆ 5 ಸೆಂ.ಮೀ. ಅಗಲ, ಬುಡದಲ್ಲಿ 7. ಇದು ಕೂತ ಮೈ.

ತಲೆಯೂ ಮೈಯೂ ಹೆಚ್ಚುಕಡಿಮೆ ಒಂದೇ ಎತ್ತರ ಬಂತಲ್ಲ, ಅದು ಬೇಕೆಂದೇ ಇಟ್ಟದ್ದು. ನಿಜವಾದ ನಾಯಿಯಲ್ಲಿ ತಲೆ ಇಷ್ಟು ದೊಡ್ಡದಿರುವುದಿಲ್ಲ. ಪ್ರಾಣಿಗಳ ನಡವಳಿಕೆಯನ್ನು ಅಭ್ಯಾಸ ಮಾಡಿದ ಕೊನ್ರಾಡ್ ಲೊರೆಂಟ್ಸ್ 1943ರಲ್ಲೇ ಇದರ ಬಗ್ಗೆ ಬರೆದಿದ್ದರು. ದೊಡ್ಡ ತಲೆ, ಉಬ್ಬಿದ ಹಣೆ, ಮುಖದಲ್ಲಿ ಕೆಳಗೆ ಕೂತ ದೊಡ್ಡ ಕಣ್ಣು, ದುಂಡು ಕೆನ್ನೆ, ಗಿಡ್ಡ ಕೈಕಾಲು ಕಂಡರೆ ಮನುಷ್ಯರಿಗೆ ಎತ್ತಿ ಆಡಿಸುವ ಆಸೆ ಹುಟ್ಟುತ್ತದೆ, ಅವು ಮಗುವಿನ ಲಕ್ಷಣಗಳು ಎಂಬುದು ಅವರ ಮಾತು. ಕಾರ್ಟೂನ್ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಪಟ್ಟಿ ಬೇಕಿಲ್ಲ. ನಿಮ್ಮ ನಾಯಿ ಮುದ್ದಾಗಿಲ್ಲ ಅನ್ನಿಸಿದಾಗ ಈ ಪಟ್ಟಿಯನ್ನು ಹಿಡಿದು ಒಂದೊಂದಾಗಿ ಪರೀಕ್ಷಿಸಿ. ಬಹುಪಾಲು ಸಲ ಕಣ್ಣು ಮೇಲೆ ಹೋಗಿರುತ್ತದೆ, ಇಲ್ಲವೇ ಕಾಲು ಉದ್ದವಾಗಿರುತ್ತದೆ.

ಈಗ ತಲೆಯೊಳಗೆ ಎರಡು ಸಹಾಯದ ಗೆರೆ. ನೆತ್ತಿಯಿಂದ ಗಲ್ಲಕ್ಕೆ ಒಂದು. ಅಡ್ಡಕ್ಕೆ ಇನ್ನೊಂದು, ಗಲ್ಲದಿಂದ 3.2 ಸೆಂ.ಮೀ. ಮೇಲೆ, ಅಂದರೆ ಅರ್ಧಕ್ಕಿಂತ ಕೆಳಗೆ. ಇವೆರಡನ್ನೂ ಚೂರು ಬಲಕ್ಕೆ ವಾಲಿಸಿ ಎಳೆಯಿರಿ. ಮಾತು ಕೇಳಿಸಿಕೊಳ್ಳುವಾಗ ನಾಯಿ ತಲೆ ಓರೆ ಮಾಡುತ್ತದಲ್ಲ, ಅಷ್ಟೇ ಓರೆ. ಇನ್ನು ಮುಂದೆ ಮುಖದ ಮೇಲೆ ಬರುವ ಪ್ರತಿಯೊಂದೂ, ತಿಲಕವೂ ಸೇರಿ, ಈ ವಾಲಿದ ಗೆರೆಗಳನ್ನೇ ಅನುಸರಿಸಬೇಕು. ಕಣ್ಣು ವಾಲಿ, ಮೂಗು ನೆಟ್ಟಗೆ ನಿಂತರೆ ಮುಖ ಸೊಟ್ಟಗಾಗುತ್ತದೆ. ಕೈ ಒಗ್ಗದಿದ್ದರೆ ಹಾಳೆಯನ್ನೇ ಸ್ವಲ್ಪ ತಿರುಗಿಸಿಕೊಂಡು ಮುಖವನ್ನು ನೆಟ್ಟಗೆ ಬರೆದುಬಿಡಿ.

ಮೂತಿ, ಮೂಗು, ಬಾಯಿ

ತಲೆಯ ಕೆಳಭಾಗದಲ್ಲಿ, ನಡುಗೆರೆಯ ಮೇಲೆ, 4.2 ಸೆಂ.ಮೀ. ಅಗಲ, 3.2 ಸೆಂ.ಮೀ. ಎತ್ತರದ ಸಣ್ಣ ಮೊಟ್ಟೆಯಾಕಾರ ಬರೆಯಿರಿ. ಅದರ ಮೇಲ್ಭಾಗದಲ್ಲಿ ತುದಿ ಕೆಳಗೆ ಮಾಡಿದ ತ್ರಿಕೋನ, ಮೂಲೆಗಳೆಲ್ಲ ಉರುಟು. ಅದೇ ಮೂಗು. ಅಗಲ ಒಂದೂವರೆ ಸೆಂ.ಮೀ. ದಾಟದಿರಲಿ. ಮೂಗಿನ ತುದಿಯಿಂದ ಚಿಕ್ಕ ನೇರ ಗೆರೆ ಇಳಿಸಿ, ಅಲ್ಲಿಂದ ಎಡಕ್ಕೊಂದು ಬಲಕ್ಕೊಂದು ಮೇಲೇಳುವ ಕಮಾನು. ಎರಡೂ ಸೇರಿ ದುಂಡಗಿನ ಡಬ್ಲ್ಯು ಆಗುತ್ತದೆ. ಬಾಯಿ ತೆರೆದು ನಾಲಗೆ ಹೊರಗೆ ಚಾಚಿಸುವ ಆಸೆಯಾಗುತ್ತದೆ. ಈ ಚಿತ್ರಕ್ಕೆ ಬೇಡ ಅನ್ನುತ್ತೇನೆ. ಗಲ್ಲದ ಕೆಳಗೇ ಹಾರ ಬರುವುದರಿಂದ ಕೆಂಪು ನಾಲಗೆ, ಕಿತ್ತಳೆ ಹೂವು ಒಂದರ ಮೇಲೊಂದು ಬಿದ್ದು ಯಾವುದೂ ಸ್ಪಷ್ಟವಾಗುವುದಿಲ್ಲ.

ಕಣ್ಣಿಗೆ ಹೆಚ್ಚು ಹೊತ್ತು ಕೊಡಿ

ಅಡ್ಡಗೆರೆಯ ಮೇಲೆ ಎರಡು ಕಣ್ಣು. ಒಂದೊಂದೂ 1.3 ಸೆಂ.ಮೀ. ಅಗಲ, 1.6 ಸೆಂ.ಮೀ. ಎತ್ತರ. ಎರಡರ ನಡುವೆ 3 ಸೆಂ.ಮೀ. ಅಂತರ. ಇಷ್ಟು ದೂರವೇ ಅನ್ನಿಸುತ್ತದೆ, ಆದರೆ ಹತ್ತಿರ ತಂದರೆ ಮರಿ ಹೋಗಿ ದೊಡ್ಡ ನಾಯಿಯಾಗುತ್ತದೆ, ಮುಖಕ್ಕೆ ಏನೋ ಸಂಚಿನ ಕಳೆ ಬರುತ್ತದೆ. ಕಣ್ಣಿನ ಕೆಳತುದಿ ಮೂತಿಯ ಅಂಚನ್ನು ಮುಟ್ಟಿಯೂ ಮುಟ್ಟದ ಹಾಗೆ ಇದ್ದರೆ ಅಳತೆ ಸರಿ ಬಂದಿದೆ ಎಂದರ್ಥ.

ಕಣ್ಣೊಳಗೆ ಎರಡು ಹೊಳಪು ಬಿಡಬೇಕು. ದೊಡ್ಡದು ಮೇಲೆ ಬಲಕ್ಕೆ, ಆಕಾಶಬುಟ್ಟಿಯದ್ದು. ಚಿಕ್ಕದು ಕೆಳಗೆ ಬಲಕ್ಕೆ, ಹಣತೆಯದ್ದು. ಎರಡೂ ಕಣ್ಣಲ್ಲಿ ಒಂದೇ ಕಡೆ ಇರಬೇಕು. ಕನ್ನಡಿಯ ಬಿಂಬದಂತೆ ಒಂದರಲ್ಲಿ ಬಲಕ್ಕೆ, ಇನ್ನೊಂದರಲ್ಲಿ ಎಡಕ್ಕೆ ಬಿಟ್ಟರೆ ಕೆಂಚ ಎತ್ತ ನೋಡುತ್ತಿದ್ದಾನೆಂಬುದೇ ತಿಳಿಯುವುದಿಲ್ಲ. ಈ ಹೊಳಪನ್ನು ಪೆನ್ಸಿಲ್ಲಿನಲ್ಲಿ ಈಗಲೇ ಸುತ್ತು ಹಾಕಿ ಗುರುತಿಸಿ. ಶಾಯಿ ತುಂಬುವ ಭರದಲ್ಲಿ ಮರೆತುಹೋಗುತ್ತದೆ.

ಹುಬ್ಬು ಎಂದರೆ ನಾಯಿಗೆ ಕಣ್ಣಿನ ಮೇಲಿರುವ ಬಣ್ಣದ ಚುಕ್ಕೆ. ಅಂಡಾಕಾರದ ಎರಡು ಚುಕ್ಕೆ ಇಟ್ಟು, ಒಳತುದಿಯನ್ನು ಸ್ವಲ್ಪ ಮೇಲೆತ್ತಿ. ಅಷ್ಟಕ್ಕೇ ಮುಖಕ್ಕೆ ಬೇಡುವ ಕಳೆ ಬರುತ್ತದೆ. ಇದು ಕಲಾವಿದರ ಕಲ್ಪನೆಯಲ್ಲ. ಒಳಹುಬ್ಬನ್ನು ಮೇಲೆತ್ತುವ ಸ್ನಾಯು ನಾಯಿಗಳಲ್ಲಿ ಚೆನ್ನಾಗಿ ಬೆಳೆದಿದೆ, ತೋಳಗಳಲ್ಲಿ ಹಾಗಿಲ್ಲ ಎಂದು 2019ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಊಟದ ತಟ್ಟೆಯ ಮುಂದೆ ಬಂದು ಕೂತ ನಾಯಿಯನ್ನು ನೋಡಿದವರಿಗೆ ಸಂಶೋಧನೆಯೂ ಬೇಕಾಗಿಲ್ಲ, ಬಿಡಿ.

ಕಿವಿ, ಕಾಲು, ಬಾಲ

ತಲೆಯನ್ನು ಗಡಿಯಾರ ಎಂದುಕೊಂಡರೆ ಹತ್ತು ಮತ್ತು ಎರಡು ಗಂಟೆಯ ಜಾಗದಲ್ಲಿ ಕಿವಿ. ಎಡಗಿವಿ ನೆಟ್ಟಗೆ, 4 ಸೆಂ.ಮೀ. ಎತ್ತರದ ಉರುಟು ತುದಿಯ ತ್ರಿಕೋನ. ಬಲಗಿವಿಯ ತುದಿ ಮಡಿಚಿ ಮುಂದಕ್ಕೆ ಬಿದ್ದಿರಲಿ. ಮಡಿಚಿದ ಕಿವಿ ಬರೆಯುವುದು ಹೀಗೆ: ಮೊದಲು ಪೂರ್ತಿ ತ್ರಿಕೋನ ಬರೆದು, ಅರ್ಧದಲ್ಲಿ ಅಡ್ಡಗೆರೆ ಎಳೆದು, ಮೇಲಿನ ತುದಿಯನ್ನು ಅಳಿಸಿ, ಅದೇ ತುದಿಯನ್ನು ಆ ಗೆರೆಯಿಂದ ಕೆಳಕ್ಕೆ ತಿರುಗಿಸಿ ಬರೆಯಿರಿ. ಮರಿಗಳಲ್ಲಿ ಒಂದು ಕಿವಿ ಎದ್ದು ಇನ್ನೊಂದು ಏಳದೆ ಇರುವುದು ಮಾಮೂಲು. ಚಿತ್ರಕ್ಕೂ ಅದರಿಂದ ಲಾಭ, ಎರಡೂ ಕಡೆ ಒಂದೇ ಅಳತೆ ತರುವ ತಾಪತ್ರಯ ತಪ್ಪುತ್ತದೆ.

ಮುಂಗಾಲು ಎರಡು, ಎದೆಯ ಮಧ್ಯದಿಂದ ನೆಲಕ್ಕೆ, ಗಿಡ್ಡ, ದಪ್ಪ, ಮಂಡಿ ಬೇಡ. ಪಾದ ಅರ್ಧಚಂದ್ರ, ಅದರಲ್ಲಿ ಬೆರಳಿಗೆ ಎರಡೇ ಗೆರೆ. ಹಿಂಗಾಲು ಪಕ್ಕದಿಂದ ಇಣುಕಿದರೆ ಸಾಕು. ಬಾಲ ಎಡಗಡೆ, ಮೇಲಕ್ಕೆ ಸುರುಳಿ. ಎಡಗಡೆಯೇ ಯಾಕೆಂದರೆ ಬಲಗಡೆ ದೀಪವಿದೆ. ಆಡುವ ಬಾಲದ ಪಕ್ಕ ಹಣತೆ ಇಟ್ಟರೆ ನೋಡಿದವರಿಗೆ ಮೊದಲು ಹುಟ್ಟುವುದು ಗಾಬರಿ.

ಹಾರ ಮತ್ತು ತಿಲಕ

ಈ ಚಿತ್ರದ ಹಬ್ಬವೆಲ್ಲ ಹಾರದಲ್ಲಿದೆ. ಕೆನ್ನೆಯ ಕೆಳಗೆ, ಕೊರಳಿನ ಎಡ ಅಂಚಿನಿಂದ ಬಲ ಅಂಚಿಗೆ ಕೆಳಗೆ ಜೋತ ಕಮಾನು ಎಳೆಯಿರಿ. ನಡುವಿನಲ್ಲಿ ಸುಮಾರು 2 ಸೆಂ.ಮೀ. ಇಳಿದಿರಲಿ. ಹೂವಿಗೆ ತೂಕವಿದೆ, ಹಾರ ಜೋಲಬೇಕು. ಈ ಗೆರೆಯ ಮೇಲೆ ಒಂಬತ್ತು ಹೂವಿಗೆ ಜಾಗ ಗುರುತಿಸಿ. ನಡುವಿನ ಮೂರು ಹೂವು ಪೂರ್ತಿ ದುಂಡು, ದೊಡ್ಡವು. ಎರಡೂ ಕಡೆ ಅಂಚಿಗೆ ಹೋದ ಹಾಗೆ ಹೂವು ಚಿಕ್ಕದಾಗಬೇಕು, ಅಂಡಾಕಾರಕ್ಕೆ ತಿರುಗಬೇಕು, ಒಂದರ ಹಿಂದೊಂದು ಅಡಗಬೇಕು. ಕೊನೆಯ ಹೂವು ಕೊರಳಿನ ಹಿಂದೆ ಅರ್ಧ ಮರೆಯಾಗಿರಲಿ. ಒಂಬತ್ತನ್ನೂ ಒಂದೇ ಗಾತ್ರಕ್ಕೆ ಬರೆದರೆ ಕೊರಳು ತಟ್ಟೆಯಂತೆ ಚಪ್ಪಟೆಯಾಗುತ್ತದೆ. ಹೀಗೆ ಸಣ್ಣದು ಮಾಡುತ್ತ ಹೋದರೆ, ಹಾರ ಕೊರಳ ಹಿಂದೆಯೂ ಇದೆ ಎಂದು ಕಣ್ಣು ತಾನೇ ನಂಬುತ್ತದೆ. ಮೇಲೆ ಕೆನ್ನೆಯ ರೋಮ ಹಾರದ ಮೇಲೆ ಒಂದೆರಡು ಕಡೆ ಬೀಳಲಿ, ಕೆಳಗೆ ಹಾರದ ನೆರಳು ಎದೆಯ ಮೇಲೆ ಬೀಳಲಿ.

ಚೆಂಡುಹೂವಿನ ಎಸಳನ್ನು ಎಣಿಸಿ ಬರೆಯಲು ಹೋಗಬೇಡಿ. ಹೊರಗೆ ಅಲೆಅಲೆಯಾದ ಒಂದು ಸುತ್ತು, ಒಳಗೆ ಅಂಥದ್ದೇ ಅರೆಸುತ್ತು ಒಂದೆರಡು, ನಡುವೆ ಚುಕ್ಕೆ ನಾಲ್ಕಾರು, ಮುಗಿಯಿತು. ಹೂವಿನ ನಡುನಡುವೆ ಮಾವಿನ ಎಲೆಯ ತುದಿ ಎರಡು ಮೂರು ಕಡೆ ಇಣುಕಿದರೆ ಕಂದು ಮೈ, ಕಿತ್ತಳೆ ಹೂವಿನ ನಡುವೆ ಹಸಿರು ಸೇರಿ ಎರಡೂ ಬೇರೆಯಾಗಿ ಕಾಣುತ್ತವೆ.

ತಿಲಕ ಹಣೆಯ ನಡುವೆ, ವಾಲಿದ ಗೆರೆಯ ಮೇಲೆಯೇ. ಬೆರಳಿನಿಂದ ಹಚ್ಚಿದ್ದು ತಾನೆ, ಅಂಚು ನೀಟಾಗಿರುವುದು ಬೇಡ. ಕೆಳಗೆ ದುಂಡು, ಮೇಲಕ್ಕೆ ಎಳೆದ ಹಾಗೆ ತೆಳು.

ಹಣತೆ, ಆಕಾಶಬುಟ್ಟಿ, ಮತ್ತು ಬೇಡದವು

ಬಲಗಡೆ ನೆಲದ ಮೇಲೆ ಹಣತೆ. ಚಪ್ಪಟೆ ಮೊಟ್ಟೆಯಾಕಾರ ಬಾಯಿ, ಒಂದು ಕಡೆ ಬತ್ತಿಯ ಚುಂಚು, ಕೆಳಗೆ ಬಟ್ಟಲಿನ ಕಮಾನು. ಮೂರು ಸೆಂ.ಮೀ. ಅಗಲ ಸಾಕು. ಕುಡಿ ನೇರವಾಗಿರುವುದಕ್ಕಿಂತ ಸ್ವಲ್ಪ ಬಳುಕಿದರೆ ಜೀವ ಬರುತ್ತದೆ. ಆಕಾಶಬುಟ್ಟಿಯನ್ನು, ಕರಾವಳಿಯವರ ಗೂಡುದೀಪವನ್ನು, ಮೇಲೆ ಬಲಮೂಲೆಯಲ್ಲಿ ಅರ್ಧ ಹಾಳೆಯ ಅಂಚಿಗೆ ಕತ್ತರಿಸಿಹೋದಂತೆ ಬರೆಯಿರಿ. ಪೂರ್ತಿ ತೋರಿಸಿದರೆ ಅದೇ ನಾಯಕನಾಗಿಬಿಡುತ್ತದೆ. ಬಾಲಂಗೋಚಿಯ ಕಾಗದದ ಪಟ್ಟಿಗಳು ನಾಲ್ಕೈದು, ಎಲ್ಲವೂ ಒಂದೇ ದಿಕ್ಕಿಗೆ ಹಾರುತ್ತಿರಲಿ. ಹಣತೆಯ ಕುಡಿಯೂ ಅತ್ತಲೇ ಬಳುಕಲಿ, ಗಾಳಿ ಎರಡು ಕಡೆಯಿಂದ ಬೀಸುವುದಿಲ್ಲವಲ್ಲ.

ಪಟಾಕಿ ಬರೆಯಬೇಡಿ. ಮನುಷ್ಯರ ಕಿವಿಗೆ ಸುಮಾರು 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿದರೆ ನಾಯಿಗೆ 45,000ದ ಆಸುಪಾಸಿನವರೆಗೂ ಕೇಳುತ್ತದೆ. ಸಣ್ಣ ಸದ್ದೂ ನಮಗಿಂತ ಚೆನ್ನಾಗಿ ಕೇಳುತ್ತದೆ. ದೀಪಾವಳಿ ರಾತ್ರಿ ಮಂಚದ ಕೆಳಗೆ ನಡುಗುವ ಪ್ರಾಣಿಯನ್ನು ಲಕ್ಷ್ಮಿ ಪಟಾಕಿಯ ಪಕ್ಕ ನಗಿಸಿ ಕೂರಿಸುವುದು ಸುಳ್ಳು ಚಿತ್ರ. ಮುಂದೆ ತಟ್ಟೆ ಇಡುವುದಾದರೂ ಲಾಡು ಬೇಡ. ಬೂಂದಿ ಲಾಡಿನಲ್ಲಿರುವ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲದು, ಚಾಕೊಲೇಟೂ ಅದಕ್ಕೆ ವಿಷ. ಕಾರ್ಡು ನೋಡಿದ ಮಗು ಅದನ್ನೇ ಮಾಡಲು ಹೋದೀತು. ರೊಟ್ಟಿ ತುಂಡೊಂದನ್ನು ಬರೆದರೆ ಯಾರಿಗೂ ತೊಂದರೆಯಿಲ್ಲ.

ಶಾಯಿಗೆರೆ

ಮುಂದಿರುವುದನ್ನು ಮೊದಲು: ಹಾರ, ಆಮೇಲೆ ಮುಖ, ಆಮೇಲೆ ಮೈ, ಬಾಲ. ಹೊರಗೆರೆಗೆ ದಪ್ಪ ಪೆನ್, ಒಳಗಿನ ವಿವರಕ್ಕೆ ಸಣ್ಣದು. ನೆಲಕ್ಕೆ ತಾಗುವ ಪಾದದಡಿ, ಗಲ್ಲದ ಕೆಳಗೆ ಗೆರೆಯನ್ನು ಇನ್ನೂ ದಪ್ಪ ಮಾಡಿ, ಭಾರ ಬರುತ್ತದೆ. ರೋಮವನ್ನು ಮೈತುಂಬ ಗೀಚದೆ ಕೆನ್ನೆ, ಎದೆ, ಬಾಲದ ತುದಿ ಮೂರೇ ಕಡೆ ಮೂರು ಮೂರು ಮೊನೆಯಾಗಿ ತೋರಿಸಿ. ಉದ್ದ ಕಮಾನುಗಳನ್ನು ಬೆರಳಿನಿಂದ ಎಳೆಯದೆ ಮೊಣಕೈ ಸರಿಸಿ ಎಳೆದರೆ ಗೆರೆ ನಡುಗುವುದಿಲ್ಲ. ಶಾಯಿ ಪೂರ್ತಿ ಒಣಗಿದ ಮೇಲಷ್ಟೇ ಪೆನ್ಸಿಲ್ ಅಳಿಸಿ.

ಬಣ್ಣ ಮತ್ತು ಬೆಳಕು

ಹಣತೆ ಕೆಳಗಿರುವುದರಿಂದ ಬೆಳಕನ್ನೆಲ್ಲ ಅಲ್ಲಿಂದಲೇ ಕೊಡಲು ಕೈ ಹೋಗುತ್ತದೆ. ಗಲ್ಲದ ಕೆಳಗಿನಿಂದ ಬೆಳಕು ಬಿದ್ದ ಮುಖ ದೆವ್ವದ ಕಥೆಗೆ ಸರಿ, ಕೆಂಚನಿಗಲ್ಲ. ಮುಖ್ಯ ಬೆಳಕು ಆಕಾಶಬುಟ್ಟಿಯದ್ದು, ಮೇಲೆ ಬಲದಿಂದ. ಹಣತೆಯ ಬೆಳಕು ಬಲ ಪಾದ, ಎದೆಯ ಬಲ ಅಂಚು, ಹಾರದ ಬಲತುದಿಯ ಹೂವುಗಳಿಗೆ ಮಾತ್ರ.

ತಿಳಿ ಬಣ್ಣದಿಂದ ಗಾಢಕ್ಕೆ ಹೋಗಿ. ಮೊದಲು ಬೆಳಕು ಬೀಳುವ ಜಾಗಕ್ಕೆಲ್ಲ ತೆಳು ಹಳದಿ. ಅದು ಒಣಗಿದ ಮೇಲೆ ಮೈಗೆ ತಿಳಿ ಕಂದು, ಎಡಭಾಗಕ್ಕೆ ಇನ್ನೊಂದು ಪದರ. ನೆರಳಿಗೆ ಕಪ್ಪು ಬೆರೆಸಿದರೆ ನಾಯಿ ಕೊಳೆಯಾದಂತೆ ಕಾಣುತ್ತದೆ. ಅದೇ ಕಂದಿಗೆ ಚೂರು ನೀಲಿ ಬೆರೆಸಿ. ಬಿಳಿ ಎದೆ, ಬಿಳಿ ಕಾಲುಚೀಲಗಳ ನೆರಳಿಗೂ ತೆಳು ನೀಲಿಯೇ. ಹೂವಿಗೆ ಹಳದಿ ಹಚ್ಚಿ, ಬುಡಕ್ಕೆ ಕಿತ್ತಳೆ ಇಳಿಸಿ. ದೀಪದ ಕುಡಿಯ ನಡುಭಾಗವನ್ನು ಹಾಳೆಯ ಬಿಳಿಯಾಗಿಯೇ ಬಿಡಿ, ಅದರ ಸುತ್ತ ಹಳದಿ, ಅಂಚಿಗೆ ಕಿತ್ತಳೆ.

ಕೊನೆಗೆ ಹಿನ್ನೆಲೆ. ದೀಪ ಉರಿಯುವಂತೆ ಕಾಣಿಸುವುದು ಹಳದಿಯಲ್ಲ, ಸುತ್ತಲಿನ ಕತ್ತಲು. ಗಾಢ ನೀಲಿಯನ್ನು ಮೂಲೆಗಳಿಂದ ಶುರು ಮಾಡಿ, ಹಣತೆಗೂ ಆಕಾಶಬುಟ್ಟಿಗೂ ಹತ್ತಿರ ಬಂದ ಹಾಗೆ ನೀರು ಹೆಚ್ಚಿಸಿ ತೆಳು ಮಾಡುತ್ತ ಬನ್ನಿ. ಮಕ್ಕಳು ಜೊತೆಗಿದ್ದರೆ ಅವರಿಗೊಂದು ಆಟ: ಹಿನ್ನೆಲೆ ಹಚ್ಚುವ ಮೊದಲು ಬಿಳಿ ಕ್ರೇಯಾನಿನಲ್ಲಿ ಚುಕ್ಕೆ ಇಡಿಸಿ. ಮೇಣದ ಮೇಲೆ ನೀರಿನ ಬಣ್ಣ ನಿಲ್ಲುವುದಿಲ್ಲ, ನೀಲಿ ಬಳಿದೊಡನೆ ನಕ್ಷತ್ರಗಳು ಎದ್ದು ಬರುತ್ತವೆ. ಎಲ್ಲ ಒಣಗಿದ ಮೇಲೆ ಬಿಳಿ ಜೆಲ್ ಪೆನ್ನಿನಿಂದ ಮೂಗಿನ ಮೇಲೊಂದು ಹೊಳಪು, ಬಲಗಿವಿಯ ಅಂಚಿಗೊಂದು ಎಳೆ ಗೆರೆ.

ಮೊಬೈಲಿನಲ್ಲೋ ಟ್ಯಾಬಿನಲ್ಲೋ ಬಿಡಿಸುವವರಿಗೂ ಕ್ರಮ ಇದೇ. ಸಹಾಯದ ಗೆರೆ, ಶಾಯಿ, ಬಣ್ಣ, ನೆರಳು ನಾಲ್ಕೂ ಬೇರೆ ಬೇರೆ ಲೇಯರಿನಲ್ಲಿರಲಿ, ನೆರಳಿನ ಲೇಯರನ್ನು ಕೆಳಗಿನ ಬಣ್ಣವನ್ನು ಗಾಢ ಮಾಡುವ ಮಲ್ಟಿಪ್ಲೈ ಆಯ್ಕೆಗೆ ಇಡಿ. ಕಂಪ್ಯೂಟರಿಗೆ ಕ್ರಿಟಾ ಎಂಬ ಚಿತ್ರ ಬಿಡಿಸುವ ತಂತ್ರಾಂಶ ಪುಕ್ಕಟೆ ಸಿಗುತ್ತದೆ.

ಕಾರ್ಡು ಮಾಡುವುದಾದರೆ

ಎ4 ದಪ್ಪ ಹಾಳೆಯನ್ನು ನಡುವೆ ಮಡಿಚಿದರೆ ಎ5 ಅಳತೆಯ ಕಾರ್ಡು. ನಿಮ್ಮ ಚಿತ್ರವನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಶೇ. 70ಕ್ಕೆ ಇಳಿಸಿ ಮುದ್ರಿಸಿದರೆ ಮುಂಪುಟಕ್ಕೆ ಸರಿಹೊಂದುತ್ತದೆ. ಚಿಕ್ಕದಾದಾಗ ಸಣ್ಣ ಪೆನ್ನಿನ ಗೆರೆ ಇನ್ನೂ ಸಣ್ಣದಾಗುತ್ತದೆಂಬುದನ್ನು ಶಾಯಿ ಹಚ್ಚುವಾಗಲೇ ನೆನಪಿಡಿ. ವಾಟ್ಸಾಪಿನಲ್ಲಿ ಕಳಿಸುವಾಗ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಗೆರೆ ಮಸುಕಾಗದು.

ಇದೇ ಕೆಂಚನನ್ನು ಬೇರೆ ಹಬ್ಬಕ್ಕೂ ಕರೆದೊಯ್ಯಬಹುದು. ಪೆನ್ಸಿಲ್ ಹಂತದ ಚಿತ್ರದ ಜೆರಾಕ್ಸ್ ಒಂದಷ್ಟು ತೆಗೆದಿಟ್ಟುಕೊಳ್ಳಿ. ಯುಗಾದಿಗೆ ಹಾರದ ಬದಲು ಬೇವಿನ ಎಸಳು, ರಾಜ್ಯೋತ್ಸವಕ್ಕೆ ಹಳದಿ ಕೆಂಪು ಶಾಲು. ಕ್ರಿಸ್‌ಮಸ್ಸಿಗೆ ಟೋಪಿ ಹಾಕುವಾಗ ಅದರ ಬಿಳಿ ಪಟ್ಟಿ ನೆತ್ತಿಯ ಮೇಲೆ ನೇರ ಗೆರೆಯಾಗದೆ ತಲೆಯ ದುಂಡಿಗೆ ಸುತ್ತಿ ಬಾಗಬೇಕು, ನೆಟ್ಟಗಿರುವ ಎಡಗಿವಿ ಟೋಪಿಯ ಪಕ್ಕದಿಂದ ಹೊರಗೆ ಬರಬೇಕು, ಮಡಿಚಿದ ಬಲಗಿವಿ ಪಟ್ಟಿಯಡಿ ಸಿಕ್ಕಿ ತುದಿ ಮಾತ್ರ ಕಾಣಬೇಕು.